ಓಡುವ ವ್ಯಾನಿನಲ್ಲಿ ಗ್ಯಾಸ್ ಫ್ರಿಜ್ಜಿನ ಉರಿ ಆರಿಹೋಗುತ್ತಿದೆ, ಏನು ಮಾಡಬೇಕು?

ಪ್ರಶ್ನೆ: ಬಸವನಗುಡಿಯ ಪಯಣಿಗ

ನಮ್ಮ ಟೆಂಪೊ ಟ್ರಾವೆಲರ್ ವಾಹನವನ್ನು ಎರಡು ವರ್ಷಗಳ ಹಿಂದೆ ಮಲಗುವುದಕ್ಕೂ ಅಡುಗೆ ಮಾಡಿಕೊಳ್ಳುವುದಕ್ಕೂ ಅನುಕೂಲವಾಗುವಂತೆ ಮಾರ್ಪಡಿಸಿಕೊಂಡಿದ್ದೇವೆ. ಅದರಲ್ಲಿರುವ ಫ್ರಿಜ್ಜು ಹಳೆಯದು. ಬ್ರಿಟನ್ನಿನ ಕ್ಯಾರವಾನ್ ಒಂದರಿಂದ ಬಿಚ್ಚಿ ತಂದದ್ದು, 60 ಲೀಟರ್ ಅಳತೆಯದು, ಗ್ಯಾಸ್, 230 ವೋಲ್ಟ್, 12 ವೋಲ್ಟ್ ಈ ಮೂರರಲ್ಲಿ ಯಾವುದರಿಂದಲಾದರೂ ನಡೆಯುವಂಥದ್ದು. ವಾಹನ ನಿಂತಿರುವಾಗ ಗ್ಯಾಸಿನ ಮೇಲೆ ಅದು ಬಹಳ ಚೆನ್ನಾಗಿ ತಣಿಸುತ್ತದೆ, ಸದ್ದೂ ಇಲ್ಲ. ತೊಂದರೆ ಇರುವುದು ಓಡುವಾಗ ಮಾತ್ರ.

ಕಳೆದ ಆಷಾಢದಲ್ಲಿ ಧಾರವಾಡಕ್ಕೆ ಹೊರಟಿದ್ದೆವು. ತುಮಕೂರು, ಶಿರಾ ದಾಟುವವರೆಗೂ ಉರಿ ಇತ್ತು. ಹಿರಿಯೂರಿನಲ್ಲಿ ಕಾಫಿಗೆ ನಿಲ್ಲಿಸಿದಾಗ ಫ್ರಿಜ್ಜಿನ ಒಳಮೂಲೆಯ ಪುಟ್ಟ ಗಾಜಿನ ಕಿಂಡಿಯಲ್ಲಿ ಬಗ್ಗಿ ನೋಡಿದೆ, ನೀಲಿ ಉರಿ ಕಾಣುತ್ತಿತ್ತು. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಕಾಣಿಸಿಕೊಳ್ಳುವ ಹೊತ್ತಿಗೆ ಅದು ಆರಿಹೋಗಿತ್ತು. ಮತ್ತೆ ಹೊತ್ತಿಸಿದೆ, ಹತ್ತು ಕಿಲೋಮೀಟರಿನೊಳಗೆ ಮತ್ತೆ ಆರಿತು. ಧಾರವಾಡ ತಲುಪುವಾಗ ಫ್ರಿಜ್ಜಿನ ಒಳಗೆ 16 ಡಿಗ್ರಿ ಇತ್ತು.

ಹಾಲು, ಮೊಸರು ಕೆಟ್ಟರೆ ಹೇಗೋ ಸಹಿಸಿಕೊಳ್ಳಬಹುದು. ಆದರೆ ಜೊತೆಯಲ್ಲಿ ನಮ್ಮ ತಂದೆಯವರು ಇರುತ್ತಾರೆ, ಅವರ ತಿಂಗಳ ಇನ್ಸುಲಿನ್ ಅದೇ ಫ್ರಿಜ್ಜಿನಲ್ಲಿರುತ್ತದೆ. ವಾಹನ ಮಾರ್ಪಡಿಸಿಕೊಟ್ಟವರನ್ನು ಕೇಳಿದಾಗ ಹೊರಗಿನ ಗಾಳಿಕಿಂಡಿಗಳಿಗೆ ತಗಡು ಬಡಿಯಿರಿ ಎಂದರು. ಅರ್ಧದಷ್ಟು ಮುಚ್ಚಿ ನೋಡಿದೆ, ಉರಿ ಆಗಲೂ ಆರಿತು, ಸಾಲದ್ದಕ್ಕೆ ತಂಪೂ ಕಡಿಮೆಯಾಯಿತು. 12 ವೋಲ್ಟಿನಲ್ಲಿ ನಡೆಸಿದರೆ ಸಂಜೆಯವರೆಗೆ ಓಡಿದರೂ 11, 12 ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ, ಆದ್ದರಿಂದಲೇ ಗ್ಯಾಸಿನ ಮೊರೆ ಹೋದದ್ದು. ಓಡುವಾಗ ಉರಿಯನ್ನು ಆರದಂತೆ ಉಳಿಸಿಕೊಳ್ಳುವ ಬಗೆ ಯಾವುದು ಎಂದು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ಪೀಣ್ಯದ ಬರ್ನರ್ ಕೆಲಸಗಾರ

ಕಾರ್ಖಾನೆಗಳ ಬರ್ನರುಗಳ ಜೊತೆ ಇಪ್ಪತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ, ಇಂಥ ಮೂರು ಫ್ರಿಜ್ಜುಗಳನ್ನು ಬಿಚ್ಚಿ ಕಟ್ಟಿದ್ದೇನೆ. ಮೊದಲು ಉರಿ ಏಕೆ ಆರುತ್ತದೆ ಎಂಬುದನ್ನು ಹೇಳುತ್ತೇನೆ, ಆಮೇಲೆ ಓಡುವಾಗ ಅದನ್ನು ಉಳಿಸಿಕೊಳ್ಳಬೇಕೇ ಎಂಬ ಮಾತು.

ಈ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇಲ್ಲ. ಸ್ಟಾಕ್‌ಹೋಮ್‌ನಲ್ಲಿ ಓದುತ್ತಿದ್ದ ಬಾಲ್ಟ್‌ಸರ್ ಫಾನ್ ಪ್ಲಾಟನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1922ರಲ್ಲಿ ರೂಪಿಸಿದ ವಿಧಾನವೇ ಇಂದಿಗೂ ಇದರ ಒಳಗಿದೆ. ಹಿಂಬದಿಯ ಮುಚ್ಚಿದ ಕೊಳವೆಗಳಲ್ಲಿ ಅಮೋನಿಯಾ, ನೀರು, ಹೈಡ್ರೋಜನ್ ಇರುತ್ತವೆ. ಕೆಳಗೆ ಕಾಸಿದಾಗ ನೀರಿನಿಂದ ಅಮೋನಿಯಾ ಬೇರ್ಪಟ್ಟು ಆವಿಯಾಗಿ ಮೇಲೇರುತ್ತದೆ, ಮೇಲಿನ, ಶಾಖವನ್ನು ಹೊರಬಿಡುವ ಲೋಹದ ರೆಕ್ಕೆಗಳಲ್ಲಿ ತಣಿದು ದ್ರವವಾಗುತ್ತದೆ, ಒಳಗಿಳಿದು ಹೈಡ್ರೋಜನ್ ಜೊತೆ ಸೇರಿದಾಗ ಮತ್ತೆ ಆವಿಯಾಗುತ್ತಾ ಪೆಟ್ಟಿಗೆಯ ಶಾಖವನ್ನು ಹೀರಿಕೊಳ್ಳುತ್ತದೆ, ಕೊನೆಗೆ ನೀರಿನಲ್ಲಿ ಕರಗಿ ಹೊರಟಲ್ಲಿಗೇ ಮರಳುತ್ತದೆ. ಈ ಸುತ್ತಿಗೆ ಬೇಕಾದದ್ದು ಕಾವು ಮಾತ್ರ. ಆ ಕಾವು ಉರಿಯಿಂದ ಬಂತೋ ವಿದ್ಯುತ್ತಿನ ಕಾಯಿಲಿನಿಂದ ಬಂತೋ ಫ್ರಿಜ್ಜಿಗೆ ತಿಳಿಯುವುದೇ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಇದರ ಉರಿ ಕಿರುಬೆರಳಿನ ತುದಿಯಷ್ಟು ದೊಡ್ಡದು. ಅದರ ತುದಿಗೆ ತಾಗುವಂತೆ ಥರ್ಮೋಕಪಲ್ ಎಂಬ ಕಡ್ಡಿ ಇರುತ್ತದೆ, ಕಾದಾಗ ಅದು ಕೆಲವು ಮಿಲಿವೋಲ್ಟ್ ವಿದ್ಯುತ್ತನ್ನು ಹುಟ್ಟಿಸಿ ಗ್ಯಾಸಿನ ವಾಲ್ವನ್ನು ತೆರೆದಿಡುತ್ತದೆ. ಉರಿ ಆರಿ ಕಡ್ಡಿ ತಣಿದರೆ ಸ್ವಲ್ಪ ಹೊತ್ತಿನಲ್ಲೇ ವಾಲ್ವು ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಉರಿ ಆರಿತೆಂದರೆ ಸುರಕ್ಷೆಯ ಏರ್ಪಾಡು ಕೆಲಸ ಮಾಡುತ್ತಿದೆ ಎಂದೇ ಅರ್ಥ. ಆ ಕಡ್ಡಿಯನ್ನು ಬಗ್ಗಿಸಿಯೋ ವಾಲ್ವನ್ನು ಕಟ್ಟಿಹಾಕಿಯೋ ಉರಿಯನ್ನು ಹಿಡಿದಿಡಲು ದಯವಿಟ್ಟು ಹೋಗಬೇಡಿ. ಹಾಗೆ ಮಾಡಿದ್ದನ್ನು ಒಂದು ಕಡೆ ಕಣ್ಣಾರೆ ಕಂಡಿದ್ದೇನೆ.

ಉರಿ ಆರುವುದು ರಸ್ತೆಯ ಹಳ್ಳಕೊಳ್ಳಗಳಿಂದಲ್ಲ, ಗಾಳಿಯಿಂದ. ಗೋಡೆಯಲ್ಲಿ ಕೆಳಗೊಂದು ಮೇಲೊಂದು ಕಿಂಡಿ ಇರುತ್ತವಲ್ಲ, ತಣ್ಣನೆಯ ಗಾಳಿ ಕೆಳಗಿನಿಂದ ಹೊಕ್ಕು ಬಿಸಿಯಾಗಿ ಮೇಲಿನಿಂದ ಹೊರಹೋಗಬೇಕು. ಅಡ್ಡಗಾಳಿ ಮೇಲಿನ ಕಿಂಡಿಗೆ ಅಪ್ಪಳಿಸಿದರೆ ಹರಿವು ತಿರುಗಿ ಚಿಮಣಿಯ ಕೊಳವೆಯಲ್ಲಿ ಕೆಳಮುಖವಾಗಿ ನುಗ್ಗುತ್ತದೆ, ಆಗ ಉರಿ ಗಾಳಿಗೊಡ್ಡಿದ ದೀಪದಂತಾಗುತ್ತದೆ. ಆಷಾಢದಲ್ಲಿ ಹಿರಿಯೂರು, ಚಿತ್ರದುರ್ಗದ ಬಯಲಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ, ನೀವು ವಾಯವ್ಯಕ್ಕೆ ಹೋಗುತ್ತಿದ್ದಿರಿ, ನಿಮ್ಮ ಕಿಂಡಿಗಳು ವಾಹನದ ಎಡಗೋಡೆಯಲ್ಲಿದ್ದರೆ ಗಾಳಿಗೆ ನೇರವಾಗಿ ಎದೆಯೊಡ್ಡಿದ್ದವು. ಅಷ್ಟು ಗಾಳಿಯಿರುವುದರಿಂದಲೇ ಅಲ್ಲಿ ಗಾಳಿಯಂತ್ರಗಳನ್ನು ನೆಟ್ಟಿದ್ದಾರೆ.

ಎರಡನೆಯ ಕಾರಣ ನಮ್ಮಲ್ಲಿ ಮಾರ್ಪಡಿಸಿದ ಬಹುತೇಕ ವಾಹನಗಳಲ್ಲಿ ನಾನು ಕಂಡದ್ದು. ಫ್ರಿಜ್ಜಿನ ಹಿಂಬದಿ ಹೊರಗಿನ ಗಾಳಿಗೆ ತೆರೆದಿರಬೇಕು, ಆದರೆ ನಾವು ಕೂರುವ ಜಾಗದಿಂದ ಸಂಪೂರ್ಣವಾಗಿ ಮುಚ್ಚಿರಬೇಕು. ಬಡಗಿಗಳು ಫ್ರಿಜ್ಜನ್ನು ಬೀರುವಿನಂತೆ ಕೂರಿಸಿ ಸುತ್ತ ಬೆರಳಗಲ ಸಂದು ಬಿಟ್ಟುಬಿಡುತ್ತಾರೆ. ವೇಗದಲ್ಲಿ ಚಾಲಕ ಕಿಟಕಿ ಇಳಿಸಿದೊಡನೆ ಒಳಗಿನ ಗಾಳಿ ಹೊರಗೆ ಸೆಳೆಯಲ್ಪಟ್ಟು, ಹಿಂಬದಿಯ ಗಾಳಿ ಆ ಸಂದಿನಿಂದ ಒಳಕ್ಕೆ ನುಗ್ಗುತ್ತದೆ, ಉರಿ ಅಲ್ಲೇ ಆರುತ್ತದೆ. ಅದಕ್ಕಿಂತ ಗಂಭೀರವಾದದ್ದೆಂದರೆ ಅದೇ ಸಂದಿನಿಂದ ರಾತ್ರಿ ಮಲಗಿದವರ ಕಡೆಗೆ ಕಾರ್ಬನ್ ಮೊನಾಕ್ಸೈಡ್ ಬರಬಹುದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರನ್ನು ಕಳಚಿ ಹೊರಗೆ ದೂರ ಇಟ್ಟ ಮೇಲೆ, ಕಿಟಕಿಬಾಗಿಲು ಮುಚ್ಚಿ, ಹೊರಗಿನ ಕೆಳಕಿಂಡಿಗೆ ಒಂದು ಟೇಬಲ್ ಫ್ಯಾನಿನ ಗಾಳಿ ಹಿಡಿಸಿ, ಒಳಗೆ ಫ್ರಿಜ್ಜಿನ ಅಂಚಿನುದ್ದಕ್ಕೂ ಹೊತ್ತಿಸಿದ ಊದಿನಕಡ್ಡಿಯನ್ನು ನಿಧಾನವಾಗಿ ಸರಿಸಿ ನೋಡಿ. ಹೊಗೆ ಎಲ್ಲಿ ಅಲುಗುತ್ತದೆಯೋ ಅಲ್ಲಿ ಸಂದಿದೆ.

ಬರ್ನರನ್ನೂ ನೋಡಬೇಕು. ಚಿಮಣಿಯ ಕೊಳವೆಯೊಳಗೆ ತಂತಿಯಲ್ಲಿ ತೂಗುಬಿಟ್ಟ ಒಂದು ತಿರುಚಿದ ತಗಡು ಇರುತ್ತದೆ, ಅದರ ತುಕ್ಕಿನ ಚೂರು ಉದುರಿ ಬರ್ನರಿನ ಮೇಲೆ ಬಿದ್ದರೆ ಉರಿ ಸೊರಗುತ್ತದೆ, ಸೊರಗಿದ ಉರಿಗೆ ಸಣ್ಣ ಗಾಳಿಯೂ ಸಾಕು. ಕೊಳವೆಯನ್ನು ಬ್ರಷ್‌ನಿಂದ ಉಜ್ಜಿ, ಗ್ಯಾಸ್ ಹೊರಬರುವ ಸಣ್ಣ ರಂಧ್ರದ ಜೆಟ್ಟನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿ. ಸೂಜಿ ತೂರಿಸಬಾರದು, ಆ ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಉರಿ ಹಳದಿಯಾಗಿ ಮಸಿ ಕಟ್ಟುತ್ತದೆ. ಹೊರಗಿನ ಗಾಳಿಕಿಂಡಿಗಳಿಗೆ ಬಡಿದ ತಗಡನ್ನು ಇಂದೇ ತೆಗೆಯಿರಿ, ಮುಚ್ಚಿದ ಕಿಂಡಿಯಿಂದ ಬಿಸಿ ಹೊರಹೋಗದೆ ರೆಕ್ಕೆಗಳು ತಣಿಯುವುದಿಲ್ಲ, ತಂಪು ಕಡಿಮೆಯಾದದ್ದು ಅದರಿಂದಲೇ.

ಇಷ್ಟೆಲ್ಲ ಸರಿಪಡಿಸಿದರೆ ನಿಂತಲ್ಲಿ ಸಾಮಾನ್ಯವಾಗಿ ಗಾಳಿಯಲ್ಲೂ ಉರಿ ನಿಲ್ಲುತ್ತದೆ. ಓಡುವಾಗಲೂ ಹೆಚ್ಚು ಹೊತ್ತು ನಿಲ್ಲಬಹುದು, ಆದರೂ ಓಡುವಾಗ ಅದನ್ನು ಹೊತ್ತಿಸಬೇಡಿ ಎಂದೇ ನಾನು ಹೇಳುವುದು. ಸಿಲಿಂಡರ್ ತೆರೆದೇ ಓಡುವ ವಾಹನಕ್ಕೆ ಅಪಘಾತವಾಗಿ ಪೈಪು ಕಡಿದರೆ, ಥರ್ಮೋಕಪಲ್ ಕಾಯುವುದು ಬರ್ನರನ್ನು ಮಾತ್ರ, ಪೈಪನ್ನಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ನಿಲ್ಲುತ್ತದೆ, ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೂ ಹೊತ್ತಿಕೊಳ್ಳಲು ಸಾಕು. ನಿಮ್ಮನ್ನು ಒಂದು ಮಾತು ಕೇಳಬೇಕಾಗಿದೆ: ಡೀಸೆಲ್ ಹಾಕಿಸುವಾಗ ಉರಿಯನ್ನು ಆರಿಸುತ್ತಿದ್ದಿರಾ? ಕಾವು ಎಲ್ಲಿಂದ ಬಂದರೂ ಫ್ರಿಜ್ಜಿಗೆ ಒಂದೇ ಎಂದೆನಲ್ಲ, ಆದ್ದರಿಂದ 12 ವೋಲ್ಟಿನಲ್ಲಿ ಏಕೆ ತಣಿಯುತ್ತಿಲ್ಲ ಎಂಬುದನ್ನೇ ಹುಡುಕಬೇಕು. ಇಂಜಿನ್ ಓಡುತ್ತಿರುವಾಗ ಫ್ರಿಜ್ಜಿನ ಹಿಂಬದಿಯ ತುದಿಗಳಲ್ಲಿಯೇ ಮೀಟರ್ ಇಟ್ಟು ಎಷ್ಟು ವೋಲ್ಟ್ ಬರುತ್ತಿದೆ ಎಂದು ಅಳೆದು ಬರೆಯಿರಿ.

ಉತ್ತರ: ಮಲ್ಲೇಶ್ವರದ ಓದುಗ

ಮೇಲಿನವರ ತಾಂತ್ರಿಕ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಓಡುವಾಗ ಉರಿ ಬೇಡವೇ ಬೇಡ ಎಂಬುದು ಎಲ್ಲೆಡೆಯ ರೂಢಿಯಲ್ಲ. ನಾನು ಅಮೆರಿಕದಲ್ಲಿದ್ದ ವರ್ಷಗಳಲ್ಲಿ ಗ್ಯಾಸಿನ ಮೇಲೆ ಫ್ರಿಜ್ ನಡೆಸುತ್ತಲೇ ನೂರಾರು ಮೈಲಿ ಹೋಗುವ ಕುಟುಂಬಗಳು ಸಾಮಾನ್ಯವಾಗಿದ್ದವು, ನಾವೂ ಹೋಗಿದ್ದೇವೆ. ಕೆಲವು ಸುರಂಗಗಳ ಮುಂದೆ ಮಾತ್ರ ಸಿಲಿಂಡರ್ ಮುಚ್ಚಬೇಕಿತ್ತು. ಯುರೋಪಿನಲ್ಲಿ ಓಡುವಾಗ ಗ್ಯಾಸ್ ಬಳಸಬೇಕೆಂದಿದ್ದರೆ, ಡಿಕ್ಕಿಯಾದ ಕ್ಷಣದಲ್ಲಿ ತಾನಾಗಿ ಮುಚ್ಚಿಕೊಳ್ಳುವ ರೆಗ್ಯುಲೇಟರ್ ಮತ್ತು ಪೈಪು ಹರಿದರೆ ಗ್ಯಾಸ್ ನಿಲ್ಲಿಸುವ ಕವಾಟವನ್ನು ಹಾಕಿಸಿಕೊಳ್ಳುತ್ತಾರೆ. ಅಂಥ ಏರ್ಪಾಡು ಇದ್ದರೆ ಪ್ರಶ್ನೆ ಕೇಳಿದವರಿಗೂ ದಾರಿಯಿದೆ ಎಂಬುದು ನನ್ನ ಅಭಿಪ್ರಾಯ.

ಉತ್ತರ: ಪೀಣ್ಯದ ಬರ್ನರ್ ಕೆಲಸಗಾರ

ನೀವು ಹೇಳಿದ ರೆಗ್ಯುಲೇಟರ್ ಒಳ್ಳೆಯದೇ. ಆದರೆ ಅಲ್ಲಿನ ವಾಹನಗಳಲ್ಲಿ ಸಿಲಿಂಡರಿಗೆ ನೆಲದಲ್ಲಿ ಕಿಂಡಿಯುಳ್ಳ ಪ್ರತ್ಯೇಕ ಮುಚ್ಚಿದ ಗೂಡು, ಚಾಸಿಗೆ ಬಿಗಿದ ಲೋಹದ ಪೈಪು, ಕಾಲಕಾಲಕ್ಕೆ ಒತ್ತಡದ ಪರೀಕ್ಷೆ ಇವೆಲ್ಲವೂ ಜೊತೆಗಿರುತ್ತವೆ. ನಮ್ಮಲ್ಲಿ ಮನೆಯ ಅಡುಗೆಗೆಂದು ಕೊಟ್ಟ 14.2 ಕಿಲೋ ಸಿಲಿಂಡರನ್ನೇ ಸೀಟಿನ ಕೆಳಗೆ ಹಗ್ಗದಲ್ಲಿ ಕಟ್ಟಿಕೊಂಡು ಹೋಗುವವರಿದ್ದಾರೆ, ಅದನ್ನು ಬೇರೆ ಬಳಕೆಗೆ ಒಯ್ಯಲು ನಿಯಮದಲ್ಲೂ ಅವಕಾಶವಿಲ್ಲ. ಒಂದು ಸಾಧನವನ್ನು ಮಾತ್ರ ಎರವಲು ತಂದು ಉಳಿದದ್ದನ್ನು ಬಿಟ್ಟರೆ ಅಲ್ಲಿನ ಸುರಕ್ಷತೆ ಇಲ್ಲಿಗೆ ಬರುವುದಿಲ್ಲ. ಮೋಟಾರ್ ಕ್ಯಾರವಾನ್‌ಗಳ ರಚನೆಗೆ ನಮ್ಮ ದೇಶದಲ್ಲೂ ಎಐಎಸ್ 124 ಎಂಬ ಮಾನದಂಡವಿದೆ, ವಾಹನ ಮಾರ್ಪಡಿಸುವವರು ಅದನ್ನು ಮೊದಲು ಓದಿಕೊಳ್ಳಬೇಕು.

ಪ್ರಶ್ನೆ ಕೇಳಿದವರಿಂದ: ಬಸವನಗುಡಿಯ ಪಯಣಿಗ

ಇಬ್ಬರಿಗೂ ಕೃತಜ್ಞತೆಗಳು. ಹಿರಿಯೂರಿನಲ್ಲಿ ಡೀಸೆಲ್ ಹಾಕಿಸುವಾಗ ಉರಿಯನ್ನು ಆರಿಸಿರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಅದು ನನ್ನ ಗಮನಕ್ಕೇ ಬಂದಿರಲಿಲ್ಲ, ನಿಮ್ಮ ಮಾತು ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಊದಿನಕಡ್ಡಿಯ ಪರೀಕ್ಷೆ ಮಾಡಿದೆ. ಫ್ರಿಜ್ಜಿನ ಎಡ ಅಂಚಿನಲ್ಲಿ ಹೊಗೆ ನೇರವಾಗಿ ಏರುತ್ತಿದ್ದದ್ದು ಮೇಲಿನ ಮೂಲೆಗೆ ಬಂದಾಗ ತಟ್ಟನೆ ಅಡ್ಡಲಾಗಿ ಬಾಗಿ ನನ್ನ ಮುಖದ ಕಡೆಗೆ ಬಂತು. ಅಲ್ಲಿ ಎರಡು ಬೆರಳು ಹೋಗುವಷ್ಟು ಸಂದಿತ್ತು, ಅದರ ಎದುರಿನಲ್ಲೇ ನಮ್ಮ ತಂದೆಯವರ ಹಾಸಿಗೆ ಇರುವುದು. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.0 ವೋಲ್ಟ್ ಇದ್ದರೆ ಫ್ರಿಜ್ಜಿನ ತುದಿಯಲ್ಲಿ 10.9 ಮಾತ್ರ ಬರುತ್ತಿದೆ. ಫ್ರಿಜ್ಜಿನ ಫಲಕದಲ್ಲಿ 12 ವೋಲ್ಟಿಗೆ 120 ವ್ಯಾಟ್ ಎಂದು ಬರೆದಿದೆ.

ಉತ್ತರ: ಜೆ.ಸಿ. ರಸ್ತೆಯ ವಾಹನ ವೈರಿಂಗ್

ಆ ಎರಡು ಅಂಕಿಗಳಲ್ಲಿ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಕಾಯಿಲಿನ ಶಾಖ ವೋಲ್ಟಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 10.9 ವೋಲ್ಟಿನಲ್ಲಿ ನಿಮ್ಮ 120 ವ್ಯಾಟಿನ ಕಾಯಿಲು ಕೊಡುವುದು ಸುಮಾರು 99 ವ್ಯಾಟ್. ಅದೇ ತುದಿಗೆ 13.5 ವೋಲ್ಟ್ ತಲುಪಿದ್ದರೆ 150ರಷ್ಟು ಸಿಗುತ್ತಿತ್ತು. ಅಂದರೆ ಸಿಗಬೇಕಾದ ಶಾಖದಲ್ಲಿ ಮೂರರಲ್ಲೊಂದು ಭಾಗ ಫ್ರಿಜ್ಜಿಗೆ ಸಿಗುತ್ತಿಲ್ಲ, ಜೊತೆಗೆ ದಾರಿಯಲ್ಲಿ ಸೋರುವ 28 ವ್ಯಾಟಿನಷ್ಟು ಶಾಖ ನಿಮ್ಮ ನೆಲಹಾಸಿನ ಕೆಳಗಿನ ವೈರನ್ನೂ ಅದರ ಜೋಡಣೆಗಳನ್ನೂ ಕಾಯಿಸುತ್ತಿದೆ.

ಟ್ರಾವೆಲರಿನ ಮುಂಭಾಗದಿಂದ ಹಿಂದಿನ ಫ್ರಿಜ್ಜಿಗೆ ಹೋಗಿ ಬರುವ ದಾರಿ 14 ಮೀಟರ್ ಎಂದಿಟ್ಟುಕೊಳ್ಳಿ. ಮಾರ್ಪಡಿಸುವವರು ದೀಪಕ್ಕೆ ಎಳೆಯುವ 1.5 ಚದರ ಮಿಲಿಮೀಟರಿನ ವೈರನ್ನೇ ಇದಕ್ಕೂ ಎಳೆದಿರುತ್ತಾರೆ, ಹತ್ತು ಆಂಪಿಯರ್ ಹರಿಯುವಾಗ ಅದೊಂದೇ ಒಂದೂವರೆ ವೋಲ್ಟನ್ನು ತಿನ್ನುತ್ತದೆ. ಮಿಕ್ಕದ್ದು ಸಡಿಲವಾದ ತುದಿಗಳಲ್ಲಿ, ಫ್ಯೂಸಿನ ಗೂಡಿನಲ್ಲಿ, ವಾಹನದ ಲೋಹದ ಬಾಡಿಯ ಮೂಲಕ ವಿದ್ಯುತ್ತು ಮರಳುವ ತುಕ್ಕುಹಿಡಿದ ಅರ್ತಿನಲ್ಲಿ ಹೋಗುತ್ತದೆ. 10 ಚದರ ಮಿಲಿಮೀಟರಿನ ತಾಮ್ರದ ವೈರನ್ನು ಎರಡೂ ದಿಕ್ಕಿಗೆ ಎಳೆಯಿರಿ, ಅರ್ತಿಗೆ ಬಾಡಿಯನ್ನು ನಂಬಬೇಡಿ, ಆಗ ನಷ್ಟ ಕಾಲು ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ಬ್ಯಾಟರಿಯ ಹತ್ತಿರವೇ 20 ಆಂಪಿಯರಿನ ಫ್ಯೂಸ್ ಇರಲಿ. ಇಂಜಿನ್ ಓಡುವಾಗ ಮಾತ್ರ ತಾನಾಗಿ ಕೂಡಿಕೊಳ್ಳುವ ರಿಲೇ ಎಂಬ ಸ್ವಿಚ್ಚು ಕಡ್ಡಾಯ, ಇಲ್ಲದಿದ್ದರೆ ಊಟಕ್ಕೆಂದು ನಿಲ್ಲಿಸಿ ಮರೆತರೆ ಈ ಫ್ರಿಜ್ಜು ಸ್ಟಾರ್ಟರ್ ಬ್ಯಾಟರಿಯನ್ನು ಬರಿದು ಮಾಡುತ್ತದೆ.

ಮುಂದೆ ಎಂದಾದರೂ ಹೊಸ ಫ್ರಿಜ್ ಕೊಳ್ಳುವ ಯೋಚನೆ ಬಂದರೆ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ನೋಡಿ. ಅದು ಓಡುವಾಗ 45 ವ್ಯಾಟಿನಷ್ಟು ಎಳೆದು ಆಗಾಗ ನಿಲ್ಲುತ್ತದೆ, ಚಾವಣಿಯ ಮೇಲೆ 200 ವ್ಯಾಟಿನ ಸೌರಫಲಕವಿದ್ದರೆ ಬಿಸಿಲಿರುವ ದಿನಗಳಲ್ಲಿ ಸಾಕಾಗುತ್ತದೆ. ಈಗಿನ ತುರ್ತಿಗೆ ಅದು ಬೇಕಿಲ್ಲ.

ಉತ್ತರ: ವಿಜಯನಗರದ ಔಷಧಿ ಅಂಗಡಿ

ಇನ್ಸುಲಿನ್ ವಿಷಯವಾಗಿ ಒಂದು ಎಚ್ಚರಿಕೆಯ ಮಾತು. ತೆರೆಯದ ಬಾಟಲಿಗಳನ್ನು 2ರಿಂದ 8 ಡಿಗ್ರಿಯ ನಡುವೆ ಇಡಬೇಕು, ಅದು ನಿಮಗೆ ತಿಳಿದೇ ಇರುತ್ತದೆ. ಆದರೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಕೆಗೆ ಬಾರದು. ನಿಮ್ಮದರಂತೆ ಮೂರು ಬಗೆಯಲ್ಲಿ ನಡೆಯುವ ಹಳೆಯ ಫ್ರಿಜ್ಜುಗಳಲ್ಲಿ ಅನೇಕವಕ್ಕೆ 12 ವೋಲ್ಟಿನಲ್ಲಿ ನಡೆಯುವಾಗ ಥರ್ಮೋಸ್ಟ್ಯಾಟಿನ ಅಂಕೆ ಇರುವುದಿಲ್ಲ, ಕಾಯಿಲು ಬಿಡದೆ ಕಾಯುತ್ತಲೇ ಇರುತ್ತದೆ. ವೈರ್ ಸರಿಯಾದ ಮೇಲೆ ಮಲೆನಾಡಿನ ತಂಪಿನಲ್ಲಿ ದಿನವಿಡೀ ಓಡಿದರೆ ಒಳಗಿನ ರೆಕ್ಕೆಗಳ ಪಕ್ಕದಲ್ಲಿಟ್ಟದ್ದು ಹೆಪ್ಪುಗಟ್ಟಬಹುದು. ಇನ್ಸುಲಿನ್ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಕಡೆಗೆ ಇಡಿ, ಥರ್ಮಾಮೀಟರಿನ ತುದಿಯನ್ನೂ ಅಲ್ಲಿಯೇ ಇರಿಸಿ. ಈಗ ಬಳಸುತ್ತಿರುವ ಪೆನ್ ಅನ್ನು ಅದರ ಚೀಟಿಯಲ್ಲಿ ಹೇಳಿದ ಅವಧಿಯವರೆಗೆ ಬಿಸಿಲು ತಾಗದ ಕಡೆ ಹೊರಗೇ ಇಡಬಹುದು. 16 ಡಿಗ್ರಿ ಕಂಡ ಆ ಬಾಟಲಿಗಳ ಬಗ್ಗೆ ನಿಮ್ಮ ವೈದ್ಯರನ್ನು ಕೇಳದೆ ಇರಬೇಡಿ.

ಪ್ರಶ್ನೆ ಕೇಳಿದವರಿಂದ: ಬಸವನಗುಡಿಯ ಪಯಣಿಗ

ಕೆಲಸ ಮುಗಿಸಿ ಮತ್ತೊಮ್ಮೆ ಧಾರವಾಡಕ್ಕೆ ಹೋಗಿಬಂದ ಮೇಲೆ ಬರೆಯುತ್ತಿದ್ದೇನೆ.

ನೆಲಹಾಸು ಎತ್ತಿದಾಗ ಹಳೆಯ ವೈರಿನ ಫ್ಯೂಸ್ ಗೂಡು ಒಂದು ಕಡೆ ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿ ಕುಸಿದಿತ್ತು, ಬೆರಳಿಟ್ಟರೆ ಪುಡಿ ಉದುರುತ್ತಿತ್ತು. 10 ಚದರ ಮಿಲಿಮೀಟರಿನ ವೈರ್, ಹೊಸ ಫ್ಯೂಸ್, ರಿಲೇ ಹಾಕಿಸಿದೆ. ಈಗ ಫ್ರಿಜ್ಜಿನ ತುದಿಯಲ್ಲಿ 13.6 ವೋಲ್ಟ್ ಬರುತ್ತಿದೆ. ಸಂದುಗಳನ್ನು ಶಾಖ ತಾಳುವ ಪಟ್ಟಿಯಿಂದ ಸಂಪೂರ್ಣವಾಗಿ ಮುಚ್ಚಿಸಿದ್ದೇನೆ, ಊದಿನಕಡ್ಡಿಯ ಹೊಗೆ ಈಗ ನಾಲ್ಕೂ ಅಂಚಿನಲ್ಲಿ ನೇರವಾಗಿ ಏರುತ್ತದೆ. ತಗಡನ್ನು ಕಿತ್ತೆಸೆದೆ. ಹಾಸಿಗೆಯ ಬಳಿ ಕಾರ್ಬನ್ ಮೊನಾಕ್ಸೈಡಿಗೊಂದು, ನೆಲದ ಮಟ್ಟದಲ್ಲಿ ಎಲ್‌ಪಿಜಿಗೊಂದು ಎಚ್ಚರಿಕೆ ಗಂಟೆ ಕೂರಿಸಿದ್ದೇನೆ. ಮನೆಯ ಅಡುಗೆಯ ಸಿಲಿಂಡರನ್ನು ವ್ಯಾನಿನಿಂದ ಇಳಿಸಿಬಿಟ್ಟೆ, ಗ್ಯಾಸಿನ ಗೂಡು ಮತ್ತು ಪೈಪಿನ ಕೆಲಸ ಮಾನದಂಡಕ್ಕೆ ತಕ್ಕಂತೆ ಆಗುವವರೆಗೆ ನಿಂತಲ್ಲಿಯೂ ಗ್ಯಾಸ್ ಹೊತ್ತಿಸುವುದಿಲ್ಲ.

ಹೊರಡುವ ಹಿಂದಿನ ರಾತ್ರಿ ಮನೆಯ ಮುಂದೆ 230 ವೋಲ್ಟಿಗೆ ಸಿಕ್ಕಿಸಿಟ್ಟೆ, ಬೆಳಗಿನ ಆರಕ್ಕೆ ಒಳಗೆ 5 ಡಿಗ್ರಿ ಇತ್ತು. ನೆಲಮಂಗಲ ದಾಟಿದಾಗಲೂ ಶಿರಾದಲ್ಲಿಯೂ ಅಷ್ಟೇ. ಚಿತ್ರದುರ್ಗದ ಬಳಿ ವಾಹನ ಪಕ್ಕಕ್ಕೆ ಎಳೆಯುವಷ್ಟು ಗಾಳಿಯಿತ್ತು, ಥರ್ಮಾಮೀಟರ್ 6 ತೋರಿಸುತ್ತಿತ್ತು. ಮಧ್ಯಾಹ್ನ ದಾವಣಗೆರೆಯಲ್ಲಿ ಊಟಕ್ಕೆ ಒಂದು ಗಂಟೆ ನಿಂತಾಗ ಬಾಗಿಲು ತೆರೆಯದೆ ಹಾಗೇ ಬಿಟ್ಟೆವು, ಒಂದು ಡಿಗ್ರಿ ಏರಿತು, ರಾಣೆಬೆನ್ನೂರು ದಾಟಿದ ಮೇಲೆ ಮತ್ತೆ ಇಳಿಯಿತು. ಆ ಹಳೆಯ ಬಾಟಲಿಗಳನ್ನು ವೈದ್ಯರ ಸಲಹೆಯಂತೆ ಬದಲಿಸಿದ್ದೆವು.

ಒಂದು ವಿಷಯ ಮಾತ್ರ ಉಳಿದಿದೆ. ಮೇಲಿನ ರೆಕ್ಕೆಗಳ ಬಿಸಿ ಹೊರಹೋಗಲು ಎಸ್.ಪಿ. ರಸ್ತೆಯಲ್ಲಿ ಸಿಗುವ ಕಂಪ್ಯೂಟರಿನ 12 ವೋಲ್ಟ್ ಫ್ಯಾನುಗಳನ್ನು ಮೇಲಿನ ಕಿಂಡಿಯ ಹತ್ತಿರ ಕೂರಿಸಬೇಕೆಂದಿದ್ದೇನೆ. ಮುಂದೆ ನಿಂತಲ್ಲಿ ಗ್ಯಾಸ್ ಹೊತ್ತಿಸುವ ದಿನ ಬಂದಾಗ ಅವುಗಳ ಸೆಳೆತದಿಂದ ಉರಿಗೆ ತೊಂದರೆಯಾಗುವುದೇ?

ಉತ್ತರ: ಪೀಣ್ಯದ ಬರ್ನರ್ ಕೆಲಸಗಾರ

ಮೇಲಿನ ರೆಕ್ಕೆಗಳ ಮಟ್ಟದಲ್ಲೇ, ಗಾಳಿಯನ್ನು ಹೊರಗೆ ತಳ್ಳುವಂತೆ ಎರಡು ಸಣ್ಣ ಫ್ಯಾನು ಕೂರಿಸಿದರೆ ತೊಂದರೆಯಿಲ್ಲ. ಬರ್ನರಿನ ಹತ್ತಿರ ಮಾತ್ರ ಬೇಡ, ಚಿಮಣಿಯ ಬಾಯಿಗೂ ನೇರವಾಗಿ ಗಾಳಿ ತಾಗಬಾರದು. ಗ್ಯಾಸ್ ಹೊತ್ತಿಸಿದ ಮೊದಲ ದಿನ ಫ್ಯಾನು ನಿಲ್ಲಿಸಿ ಒಮ್ಮೆ, ನಡೆಸಿ ಒಮ್ಮೆ, ಕಿಂಡಿಯ ಗಾಜಿನಲ್ಲಿ ಉರಿಯನ್ನು ನೋಡಿ. ಎರಡು ಸಲವೂ ನೀಲಿಯಾಗಿ ಅಲುಗದೆ ನಿಂತಿರಬೇಕು. ಹೊರಡುವಾಗ ಸಿಲಿಂಡರಿನ ವಾಲ್ವನ್ನೇ ಮುಚ್ಚಿ.